ಟೈರು ಕೊಳ್ಳುವಲ್ಲಿ ನಿಜವಾದ ಮಿತವ್ಯಯ

ಅಂಗಡಿಗೆ ಹೋಗಿ ಅಕ್ಕಿ ಕೊಳ್ಳುವ ಗೃಹಸ್ಥನು ಒಂದು ಹಿಡಿಯನ್ನು ಅಂಗೈಗೆ ಹಾಕಿಕೊಂಡು ನೋಡುತ್ತಾನೆ. ಉಜ್ಜುತ್ತಾನೆ, ಮೂಸುತ್ತಾನೆ, ಒಂದೆರಡು ಕಾಳುಗಳನ್ನು ಹಲ್ಲಿನಡಿ ಇಟ್ಟು ಪರೀಕ್ಷಿಸುತ್ತಾನೆ. ಹಳೆಯ ಅಕ್ಕಿಯೋ ಹೊಸದೋ, ಅನ್ನ ಉದುರಾಗುವುದೋ ಮುದ್ದೆಯಾಗುವುದೋ ಎಂಬುದನ್ನು ಅರಿಯದೆ ಹಣ ಎಣಿಸುವುದಿಲ್ಲ. ಆದರೆ ಇದೇ ಗೃಹಸ್ಥನು ತನ್ನ ಕಾರಿಗೆ ಟೈರು ಕೊಳ್ಳಲು ಹೋದಾಗ ಕೇಳುವ ಪ್ರಶ್ನೆಗಳು ಎರಡೇ: "ಬೆಲೆ ಎಷ್ಟು?" ಮತ್ತು "ಎಷ್ಟು ಕಿಲೋಮೀಟರ್ ಬಾಳುತ್ತದೆ?" ಮೊದಲನೆಯ ಪ್ರಶ್ನೆ ಸಹಜವಾದುದು. ಎರಡನೆಯದು ಜಾಣತನದ ಪ್ರಶ್ನೆಯಂತೆ ಕಂಡರೂ, ಮಿತವಾಗಿ ಓಡುವ ಮನೆಯ ಕಾರಿಗೆ ಅದು ಬಹುಮಟ್ಟಿಗೆ ದಾರಿತಪ್ಪಿಸುವ ಪ್ರಶ್ನೆ ಎಂಬುದೇ ಈ ಲೇಖನದ ವಾದ.

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಏರಿಳಿತಗಳ ನೆಲದ ಮೇಲೆ ಕಟ್ಟಿದ ಬಡಾವಣೆ ಇದು. ಒಂದು ಮಗ್ಗುಲಿಗೆ ಹೊರವರ್ತುಲ ರಸ್ತೆ, ಇನ್ನೊಂದು ಮಗ್ಗುಲಿಗೆ ಮಹಾಲಕ್ಷ್ಮಿ ಲೇಔಟ್. ಸ್ವಲ್ಪ ದೂರದಲ್ಲಿ ಗೊರಗುಂಟೆಪಾಳ್ಯ, ಅಲ್ಲಿಂದ ತುಮಕೂರು ರಸ್ತೆ. ಇಲ್ಲಿಯ ಸಾಧಾರಣ ಕುಟುಂಬವೊಂದರ ಕಾರು ವಾರದ ದಿನಗಳಲ್ಲಿ ರಾಜಾಜಿನಗರಕ್ಕೋ ಪೀಣ್ಯಕ್ಕೋ ಹೋಗಿಬರುತ್ತದೆ. ಉಳಿದ ಹೊತ್ತೆಲ್ಲ ಮನೆಯ ಮುಂದಿನ ಬೀದಿಯಲ್ಲಿ ಬಿಸಿಲು ಕಾಯುತ್ತ ನಿಂತಿರುತ್ತದೆ. ಹಬ್ಬಕ್ಕೆ, ಮದುವೆಗೆ ಊರಿನ ಕಡೆಗೆ ಒಂದೊಂದು ಪ್ರಯಾಣ. ದಿನಕ್ಕೆ ಸರಾಸರಿ 18 ಕಿಲೋಮೀಟರ್ ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 6,500 ಕಿಲೋಮೀಟರಿಗಿಂತ ಹೆಚ್ಚಾಗದು. ಈ ಒಂದು ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಟೈರು ಮಾಡುವ ಕೆಲಸವೇನು? ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. 1888ರಲ್ಲಿ ಡನ್‌ಲಪ್ ಅದನ್ನು ಹೊಸದಾಗಿ ಕಂಡುಹಿಡಿದು ಬಳಕೆಗೆ ತಂದನು. ಅವರ ಮುಖ್ಯ ಗುರಿ ಕುಲುಕಾಟವನ್ನು ಕಡಿಮೆ ಮಾಡುವುದಾಗಿತ್ತು. ಇಂದಿನ ಕಾರಿನಲ್ಲಿ ಕುಲುಕಾಟವನ್ನು ನುಂಗಲು ಬೇರೆ ಸಾಧನಗಳೂ ಉಂಟು. ಆದರೆ ಕಾರು ಮುಂದೆ ಸಾಗುವುದು, ತಿರುಗುವುದು, ನಿಲ್ಲುವುದು - ಈ ಮೂರೂ ನೆಲಕ್ಕೂ ರಬ್ಬರಿಗೂ ನಡುವಣ ಘರ್ಷಣೆಯಿಂದಲೇ ಆಗಬೇಕು. ಆ ಘರ್ಷಣೆ ನಡೆಯುವ ಜಾಗವಾದರೂ ಎಷ್ಟು? ಜನರನ್ನು ಹೊತ್ತ ಸಣ್ಣ ಕಾರಿನ ತೂಕ 1,200 ಕಿಲೋಗ್ರಾಂ ಎಂದುಕೊಂಡರೆ ಒಂದೊಂದು ಚಕ್ರದ ಮೇಲೆ 300 ಕಿಲೋಗ್ರಾಂ ಬೀಳುತ್ತದೆ. ಟೈರಿನಲ್ಲಿರುವ ಗಾಳಿಯ ಒತ್ತಡ ಚದರ ಅಂಗುಲಕ್ಕೆ 33 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ. ಭಾಗಿಸಿ ನೋಡಿದರೆ, ಒಂದು ಟೈರು ನೆಲವನ್ನು ಮುಟ್ಟುವುದು ಸುಮಾರು 130 ಚದರ ಸೆಂಟಿಮೀಟರುಗಳಲ್ಲಿ ಮಾತ್ರ, ಹೆಚ್ಚುಕಡಮೆ ಒಂದು ಹಸ್ತದಷ್ಟು. ನಾಲ್ಕೂ ಸೇರಿದರೆ ಇಂಥ ಪತ್ರಿಕೆಯ ಒಂದು ಪುಟದಷ್ಟಾದೀತು. ಇಡೀ ಸಂಸಾರದ ಕ್ಷೇಮ ಆ ಒಂದು ಪುಟದ ಮೇಲೆ ನಿಂತಿದೆಯೆಂದರೆ ಉತ್ಪ್ರೇಕ್ಷೆಯಲ್ಲ.

ಆ ಹಿಡಿತದ ಬೆಲೆಯನ್ನು ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತಿರುತ್ತದೆ. ಘರ್ಷಣಾಂಕ 0.7 ಇರುವ ಒಣ ರಸ್ತೆಯಲ್ಲಿ ಬ್ರೇಕು ಹಿಡಿದಾಗಿನಿಂದ ಅದು ನಿಲ್ಲಲು ಬೇಕಾದ ದೂರ ಸುಮಾರು 20 ಮೀಟರ್. ಮಳೆ ಬಿದ್ದು, ಸವೆದ ಅಥವಾ ಗಡಸಾದ ಟೈರಿನಿಂದ ಘರ್ಷಣಾಂಕ 0.4ಕ್ಕೆ ಇಳಿದರೆ ಅದೇ ಕಾರಿಗೆ 35 ಮೀಟರ್ ಬೇಕಾಗುತ್ತದೆ. ನಡುವಣ 15 ಮೀಟರಿನಲ್ಲಿ ಒಂದು ಆಟೋ, ಒಂದು ಸ್ಕೂಟರು, ರಸ್ತೆ ದಾಟುತ್ತಿರುವ ಒಂದು ಮಗು - ಏನು ಬೇಕಾದರೂ ಇರಬಹುದು. ಬ್ರೇಕು ಎಷ್ಟು ಚೆನ್ನಾಗಿದ್ದರೇನು? ಅದು ಚಕ್ರವನ್ನು ನಿಲ್ಲಿಸಬಲ್ಲುದೇ ಹೊರತು ಕಾರನ್ನಲ್ಲ; ಕಾರನ್ನು ನಿಲ್ಲಿಸುವುದು ಟೈರು.

ಟೈರಿನ ಮೇಲಿನ ಗೀರುಗಳೂ ಅಲಂಕಾರಕ್ಕಾಗಿ ಇರುವುವಲ್ಲ. ನೆಲ ಸಂಪೂರ್ಣ ಒಣಗಿದ್ದರೆ ಗೀರಿಲ್ಲದ ರಬ್ಬರೂ ಚೆನ್ನಾಗಿಯೇ ಹಿಡಿಯುತ್ತದೆ. ನೀರು ನಿಂತ ನೆಲದಲ್ಲಿ ಹಾಗಲ್ಲ. ರಬ್ಬರಿನ ಒಂದೊಂದು ತುಣುಕೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೆಲವನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ನೂರೈವತ್ತನೆಯ ಒಂದು ಪಾಲು ಹೊತ್ತು ಮಾತ್ರ. ಅಷ್ಟರಲ್ಲಿ ಅಡಿಯ ನೀರು ಗೀರುಗಳ ಕಾಲುವೆಗಳಲ್ಲಿ ಹರಿದುಹೋಗದಿದ್ದರೆ ಟೈರು ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟಿಯರಿಂಗೂ ವ್ಯರ್ಥ, ಬ್ರೇಕೂ ವ್ಯರ್ಥ. ಹೊಸ ಟೈರಿನ ಗೀರು ಸಾಮಾನ್ಯವಾಗಿ 8 ಮಿಲಿಮೀಟರಿನಷ್ಟು ಆಳವಿರುತ್ತದೆ. ನಮ್ಮ ಮೋಟಾರು ವಾಹನ ನಿಯಮಗಳು ಕಾರಿಗೆ 1.6 ಮಿಲಿಮೀಟರನ್ನು ಕನಿಷ್ಠ ಮಿತಿಯಾಗಿ ಇಟ್ಟಿವೆ. ಗೀರಿನ ತಳದಲ್ಲಿರುವ ಸಣ್ಣ ದಿಣ್ಣೆಗಳು ಆ ಮಿತಿಯ ಗುರುತು. ಆದರೆ ಕಾನೂನಿನ ಕೊನೆಯ ಗೆರೆಯೂ ಕ್ಷೇಮದ ಗೆರೆಯೂ ಒಂದೇ ಅಲ್ಲ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನಲ್ಲಿ ಸುರಿಯುವ ಮಳೆಯನ್ನು ನೆನೆದರೆ, 3 ಮಿಲಿಮೀಟರ್ ಉಳಿದಾಗಲೇ ಬದಲಾಯಿಸುವುದು ವಿವೇಕ.

ಇನ್ನು ರಬ್ಬರಿನ ವಿಚಾರ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗಿಯೂ ಸ್ಥಿತಿಸ್ಥಾಪಕವಾಗಿಯೂ ಉಳಿಯುತ್ತದೆಂಬುದನ್ನು ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಅಂದಿನಿಂದ ಈ ಪಾಕಕ್ಕೆ ಕೃತಕ ರಬ್ಬರು, ಇಂಗಾಲದ ಮಸಿ, ಸಿಲಿಕಾ ಮುಂತಾದ ಎಷ್ಟೋ ಪದಾರ್ಥಗಳು ಸೇರಿವೆ. ಪಾಕ ಮಾಡುವವನ ಮುಂದಿರುವ ಬೇಡಿಕೆಗಳು ಮೂರು: ಟೈರು ಬೇಗ ಸವೆಯಬಾರದು, ಸರಾಗವಾಗಿ ಉರುಳಿ ಪೆಟ್ರೋಲು ಉಳಿಸಬೇಕು, ಒದ್ದೆ ನೆಲವನ್ನು ಗಟ್ಟಿಯಾಗಿ ಹಿಡಿಯಬೇಕು. ಇವು ಒಂದಕ್ಕೊಂದು ಒಗ್ಗದ ಸವತಿಯರು. ರಬ್ಬರಿನ ಚೆಂಡನ್ನು ಕೆಳಗೆ ಬಿಟ್ಟರೆ ಅದು ಬಿಟ್ಟಷ್ಟು ಎತ್ತರಕ್ಕೆ ಪುಟಿಯುವುದಿಲ್ಲ. ಉಳಿದ ಶಕ್ತಿ ಒಳಗೇ ಶಾಖವಾಗಿ ಕಳೆದುಹೋಗುತ್ತದೆ. ಹೀಗೆ ಶಕ್ತಿಯನ್ನು ನುಂಗುವ ಗುಣವೇ ರಸ್ತೆಯ ಉಬ್ಬುತಗ್ಗುಗಳನ್ನು ಅಪ್ಪಿ ಹಿಡಿಯಲು ಬೇಕು. ಅದೇ ಗುಣ ಪೆಟ್ರೋಲಿನ ಖರ್ಚನ್ನೂ ಏರಿಸುತ್ತದೆ. 1990ರ ದಶಕದಲ್ಲಿ ಸಿಲಿಕಾದ ಬಳಕೆ ಹರಡಿದ ಮೇಲೆ ಈ ವೈರ ಬಹಳಷ್ಟು ತಗ್ಗಿತು, ಆದರೆ ಅಳಿಯಲಿಲ್ಲ. ಅಗ್ಗವಾಗಿಯೂ ಇರಬೇಕು, ಬಹುಕಾಲ ಬಾಳಲೂ ಬೇಕು ಎಂದು ಗಡಸು ಪಾಕದಿಂದ ಮಾಡಿದ ಟೈರಿನಲ್ಲಿ ಮೊದಲು ಕುಂದುವುದು ಒದ್ದೆ ನೆಲದ ಹಿಡಿತ.

ಈಗ ಮೊದಲಿನ ಸಂಖ್ಯೆಗೆ ಬರೋಣ. ವರ್ಷಕ್ಕೆ 6,500 ಕಿಲೋಮೀಟರ್ ಓಡುವ ಕಾರಿಗೆ 60,000 ಕಿಲೋಮೀಟರ್ ಬಾಳುವ ಟೈರನ್ನು ಹಾಕಿದರೆ ಅದು ಸವೆದು ಮುಗಿಯಲು ಒಂಬತ್ತು ವರ್ಷ ಬೇಕು. ಆದರೆ ರಬ್ಬರು ಕಾಯುವುದಿಲ್ಲ. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು ಇವು ನಿಂತ ಕಾರಿನ ಟೈರನ್ನೂ ಬಿಡದೆ ಗಡಸು ಮಾಡುತ್ತವೆ. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಐದು ವರ್ಷದ ನಂತರ ಪ್ರತಿವರ್ಷವೂ ಪರೀಕ್ಷಿಸಬೇಕು, ಹತ್ತು ವರ್ಷವಾದರೆ ಗೀರು ಉಳಿದಿದ್ದರೂ ತೆಗೆದುಬಿಡಬೇಕು ಎಂದು ಹೆಸರಾಂತ ತಯಾರಕರೇ ಹೇಳುತ್ತಾರೆ. ಹೀಗಿರುವಾಗ, ಎಂದೂ ಅನುಭವಿಸಲಾಗದ ಕಿಲೋಮೀಟರುಗಳನ್ನು ಹಿಡಿತವನ್ನು ತೆತ್ತು ಕೊಳ್ಳುವುದು ಯಾವ ಮಿತವ್ಯಯ? 35,000 ಕಿಲೋಮೀಟರ್ ಬಾಳುವ, ಚೆನ್ನಾಗಿ ಹಿಡಿಯುವ ಟೈರು ಈ ಮನೆಗೆ ಐದು ವರ್ಷಕ್ಕೂ ಮೀರಿ ಸಾಕು. ತಿಂಗಳಿಗೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರ ಲೆಕ್ಕ ಬೇರೆ. ಅವರ ಟೈರು ಮುದಿಯಾಗುವ ಮೊದಲೇ ಸವೆಯುತ್ತದೆ. ಅವರ ಸಲಹೆ ಅವರಿಗೆ ಸರಿ, ಮನೆಯ ಕಾರಿಗೆ ಸಲ್ಲದು.

ಇನ್ನೊಂದು ಪ್ರಲೋಭನೆ ಉಂಟು: ಉಪಯೋಗಿಸಿ ಬಿಟ್ಟ ಟೈರುಗಳದು. ಹಳೆಯ ಟೈರಿಗೆ ಬಿಸಿ ಉಳಿಯಿಂದ ಹೊಸ ಗೀರು ಕೊರೆದು, ಕಪ್ಪು ಬಣ್ಣ ಬಳಿದು ಮಾರುವುದನ್ನು ರಸ್ತೆಬದಿಯಲ್ಲಿ ಕಾಣಬಹುದು. ಗೀರನ್ನು ಆಳ ಮಾಡಿದಷ್ಟೂ ಒಳಗಿನ ಉಕ್ಕಿನ ತಂತಿಯ ಪಟ್ಟಿಗೆ ಕಾವಲಾಗಿದ್ದ ರಬ್ಬರು ತೆಳುವಾಗುತ್ತದೆಂಬುದನ್ನು ಬಣ್ಣ ಮರೆಸುತ್ತದೆ. ಲಾರಿ, ಬಸ್ಸುಗಳ ಟೈರಿಗೆ ಕಾರ್ಖಾನೆಯಲ್ಲಿ ಹೊಸ ಮೇಲ್ಪದರವನ್ನು ಬೇಯಿಸಿ ಕೂಡಿಸುವ ರೀಟ್ರೆಡಿಂಗ್ ಬೇರೆಯೇ ಒಂದು ಶಿಸ್ತಿನ ವಿದ್ಯೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಣದ ದೃಷ್ಟಿಯಿಂದಲೇ ನೋಡಿರಿ. ಹೊಸ ಟೈರು ಒಂದಕ್ಕೆ 4,000 ರೂಪಾಯಿಯಂತೆ ನಾಲ್ಕಕ್ಕೆ 16,000 ಎಂದೂ, ಅವು ಐದೂ ಕಾಲು ವರ್ಷ ಬಾಳುವುವೆಂದೂ ಇಟ್ಟುಕೊಳ್ಳೋಣ: ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಹಳೆಯವನ್ನು 1,500ರಂತೆ 6,000ಕ್ಕೆ ಕೊಂಡು ಎರಡು ವರ್ಷ ನೂಕಿದರೆ? ಆಗಲೂ ದಿನಕ್ಕೆ ಎಂಟು ರೂಪಾಯಿ ಚಿಲ್ಲರೆಯೇ. ಉಳಿತಾಯ ಸೊನ್ನೆ, ಅಪಾಯ ಮಾತ್ರ ಲಾಭ.

ಹಾಗಾದರೆ ಅಂಗಡಿಯಲ್ಲಿ ನೋಡಬೇಕಾದುದೇನು? ಎಲ್ಲವೂ ಟೈರಿನ ಪಕ್ಕದ ಗೋಡೆಯ ಮೇಲೆಯೇ ಬರೆದಿದೆ. ಹಲವು ಸಣ್ಣ ಕಾರುಗಳಲ್ಲಿ ಕಾಣುವ '165/80 ಆರ್ 14 85 ಟಿ' ಎಂಬ ಬರಹವನ್ನು ಓದಿ ನೋಡೋಣ. ಅಗಲ 165 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 80. 'ಆರ್' ಎಂದರೆ ಮಿಶೆಲಿನ್ ಸಂಸ್ಥೆ 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ರಚನೆ. ಗಾಲಿಯ ವ್ಯಾಸ 14 ಅಂಗುಲ. 85 ಎಂಬುದು 515 ಕಿಲೋಗ್ರಾಂ ಹೊರಬಲ್ಲುದೆಂಬ ಸಂಕೇತ. 'ಟಿ' ಎಂಬುದು ಗಂಟೆಗೆ 190 ಕಿಲೋಮೀಟರ್ ವೇಗದ ಮಿತಿ. ಕಾರಿನ ತಯಾರಕರು ಹೇಳಿದ ಅಳತೆಯನ್ನು ಬದಲಿಸಬಾರದು. ಹೊರೆಯ ಸಂಕೇತ, ವೇಗದ ಸಂಕೇತಗಳಲ್ಲಿ ಕೆಳಗಿಳಿಯಬಾರದು. ಮೇಲಿನ ವೇಗದ ಅಕ್ಷರಕ್ಕಾಗಿ ಹೆಚ್ಚು ಹಣ ತೆರುವುದೂ ಅನಾವಶ್ಯಕ. ನೋಟಕ್ಕೆಂದು ಅಗಲವಾದ ಟೈರು ಹಾಕಿಸುವವರು ಪೆಟ್ರೋಲನ್ನು ಹೆಚ್ಚು ಸುಡುತ್ತಾರೆ, ಸ್ಟಿಯರಿಂಗನ್ನು ಭಾರ ಮಾಡಿಕೊಳ್ಳುತ್ತಾರೆ, ತೆಳುವಾದ ನೀರಿನ ಮೇಲೂ ಬೇಗ ತೇಲುತ್ತಾರೆ.

ಅದೇ ಗೋಡೆಯ ಮೇಲೆ ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. '2325' ಎಂದಿದ್ದರೆ 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಒಂದು ವರ್ಷದೊಳಗಿನದಾದರೆ ಹೆದರಬೇಕಾದುದಿಲ್ಲ. ಮೂರು ವರ್ಷ ಅಂಗಡಿಯ ಅಟ್ಟದಲ್ಲಿದ್ದುದನ್ನು ರಿಯಾಯಿತಿಯಲ್ಲಿ ಕೊಟ್ಟರೆ, ಅದರ ಆಯುಷ್ಯದಲ್ಲಿಯೂ ರಿಯಾಯಿತಿಯಾಗಿದೆಯೆಂದು ತಿಳಿಯಬೇಕು. 2009ರ ಆದೇಶದಂತೆ ಕಡ್ಡಾಯವಾದ ಐ.ಎಸ್.ಐ. ಮುದ್ರೆಯನ್ನೂ ನೋಡಬೇಕು. ಪರದೇಶದ ಹೆಸರಿಗೆ ಮರುಳಾಗಬೇಕಾದುದಿಲ್ಲ. ನಮ್ಮ ಮೈಸೂರಿನಲ್ಲಿ ವಿಕ್ರಾಂತ್ ಎಂಬ ಹೆಸರಿನಿಂದ ಹುಟ್ಟಿ 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿದ ಕಾರ್ಖಾನೆಯೂ ಸೇರಿದಂತೆ, ದೇಶದಲ್ಲಿಯೇ ಟೈರು ಮಾಡುವ ಹಲವು ಸಂಸ್ಥೆಗಳುಂಟು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಹೊಸದನ್ನೇ ಕೊಳ್ಳಲು ಇನ್ನೊಂದು ಕಾರಣವೂ ದೊರೆತಿದೆ.

ನಾಲ್ಕಕ್ಕೂ ಒಮ್ಮೆಗೇ ಹಣ ಒದಗದಿದ್ದರೆ ಈ ವರ್ಷ ಎರಡು, ಮುಂದಿನ ವರ್ಷ ಎರಡು ಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಹೊಸ ಜೊತೆಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಎಂಜಿನು ಎಳೆಯುವುದು ಮುಂದಿನ ಚಕ್ರಗಳನ್ನಲ್ಲವೆ ಎಂದು ಅಂಗಡಿಯವನು ವಾದಿಸಬಹುದು. ಮುಂದಿನ ಚಕ್ರ ಜಾರಿದರೆ ಕಾರು ನೇರವಾಗಿ ನುಗ್ಗುತ್ತದೆ. ಕಾಲು ಸಡಿಲಿಸಿ ವೇಗ ತಗ್ಗಿಸಿದರೆ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಅದನ್ನು ಸರಿಪಡಿಸುವ ಕೌಶಲ ಸಾಮಾನ್ಯ ಚಾಲಕನಿಗೆ ಇರುವುದಿಲ್ಲ. ಆದುದರಿಂದ ಒಳ್ಳೆಯ ಹಿಡಿತ ಹಿಂದೆಯೇ ಇರಬೇಕು.

ಇನ್ನುಳಿದ ಉಳಿತಾಯಕ್ಕೆ ಹೆಚ್ಚು ಖರ್ಚಿಲ್ಲ. ಟೈರಿನಿಂದ ತಿಂಗಳಿಗೆ ಸುಮಾರು ಒಂದು ಪೌಂಡು ಒತ್ತಡ ತಾನಾಗಿ ಸೋರಿಹೋಗುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಮಡಿದು, ಕಾದು, ಎರಡು ಅಂಚುಗಳಲ್ಲಿ ಬೇಗ ಸವೆಯುತ್ತದೆ. ತಿಂಗಳಿಗೆ ಎರಡು ಸಲವಾದರೂ, ಟೈರು ತಣ್ಣಗಿರುವಾಗ, ಕಾರಿನ ಬಾಗಿಲ ಚೌಕಟ್ಟಿನಲ್ಲಿ ನಮೂದಿಸಿದಷ್ಟು ಗಾಳಿ ಹಿಡಿಸಬೇಕು. ಗುಂಡಿಗೆ ಬಿದ್ದ ಮೇಲೆ ಅಲೈನ್‌ಮೆಂಟ್ ನೋಡಿಸಬೇಕು. ಸ್ಟೆಪ್ನಿಯನ್ನೂ ಮರೆಯಬಾರದು.

ಕೊನೆಗೆ ಒಂದು ಮಾತು ಸರ್ಕಾರಕ್ಕೂ ತಯಾರಕರಿಗೂ ಸಲ್ಲಬೇಕು. ಯುರೋಪಿನಲ್ಲಿ 2012ರಿಂದ ಪ್ರತಿಯೊಂದು ಹೊಸ ಕಾರು ಟೈರಿಗೂ ಒದ್ದೆ ನೆಲದ ಹಿಡಿತದ ದರ್ಜೆಯನ್ನು ಅಚ್ಚುಹಾಕಿದ ಚೀಟಿ ಇರುತ್ತದೆ. ನಮ್ಮಲ್ಲಿ 2022ರಲ್ಲಿ ಹಿಡಿತ, ಉರುಳುವ ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟವನ್ನು ನಿಯಮದಿಂದ ಗೊತ್ತುಮಾಡಿದುದು ಸ್ತುತ್ಯವಾದ ಕಾರ್ಯ. ಆದರೆ ಕನಿಷ್ಠ ಮಟ್ಟವನ್ನು ದಾಟಿದವುಗಳಲ್ಲಿ ಯಾವುದು ಮೇಲು ಎಂಬುದು ಗ್ರಾಹಕನಿಗೆ ತಿಳಿಯುವ ಬಗೆ ಹೇಗೆ? ಬೇಳೆಯ ಪೊಟ್ಟಣದ ಮೇಲೂ ತಯಾರಾದ ದಿನಾಂಕವನ್ನು ಸ್ಪಷ್ಟವಾಗಿ ಬರೆಯಬೇಕೆಂದು ವಿಧಿಸುವ ನಾವು, ಟೈರಿನ ಹಿಡಿತದ ದರ್ಜೆಯನ್ನೂ ಎಲ್ಲರೂ ಓದಬಲ್ಲ ಅಕ್ಷರಗಳಲ್ಲಿ ಅಂಟಿಸಬೇಕೆಂದು ಕೇಳುವುದು ದುಬಾರಿಯ ಬೇಡಿಕೆಯೇನೂ ಅಲ್ಲ. ಅಲ್ಲಿಯವರೆಗೆ ಕೊಳ್ಳುವವರೇ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಲಿ. "ಎಷ್ಟು ದೂರ ಓಡುತ್ತದೆ?" ಎಂಬುದಕ್ಕೆ ಮೊದಲು "ಮಳೆಯಲ್ಲಿ ಎಷ್ಟು ಬೇಗ ನಿಲ್ಲುತ್ತದೆ?" ಎಂದು ಕೇಳುವ ಗ್ರಾಹಕರು ಹೆಚ್ಚಿದರೆ, ಉತ್ತರ ಕೊಡುವ ಅಂಗಡಿಗಳೂ ತಾವಾಗಿಯೇ ಹೆಚ್ಚುತ್ತವೆ.