ಚಿಕ್ಕ ಗಡಿಯಾರದ ಡಫರಿನ್

ಶಾಲಾ ಪ್ರವಾಸಕ್ಕೆಂದು ಮೈಸೂರಿಗೆ ಹೋಗಿಬಂದ ಎಲ್ಲೂರಿನ ಮಕ್ಕಳಿಗೆ ದೇವರಾಜ ಮಾರುಕಟ್ಟೆಯ ಬಳಿಯ ಚಿಕ್ಕ ಗಡಿಯಾರ ಕಂಡಿರಬಹುದು. 1886ರಲ್ಲಿ ಮೈಸೂರಿಗೆ ಬಂದಿದ್ದ ವೈಸರಾಯ್ ಲಾರ್ಡ್ ಡಫರಿನ್‌ನ ನೆನಪಿಗೆ ಕಟ್ಟಿಸಿದ ಗೋಪುರವದು.

ಪಠ್ಯಪುಸ್ತಕದಲ್ಲಿ ಈತನಿಗೆ ಸಿಗುವುದು ಎರಡೇ ಸಾಲು. ಈತನ ಕಾಲದಲ್ಲಿ, 1885ರಲ್ಲಿ, ಕಾಂಗ್ರೆಸ್ ಹುಟ್ಟಿತು. 1886ರ ಜನವರಿ 1ರಂದು ಬರ್ಮಾ ಬ್ರಿಟಿಷರ ವಶವಾಯಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈತ ಐರ್ಲೆಂಡಿನ ದೊಡ್ಡ ಜಮೀನುದಾರ ಎಂಬುದನ್ನು ತಿಳಿಯದೆ ಮನುಷ್ಯ ಅರ್ಥವಾಗುವುದಿಲ್ಲ.

ತಂದೆ ತೀರಿಕೊಂಡಾಗ, 1841ರಲ್ಲಿ, ಹದಿನೈದರ ಹುಡುಗನಿಗೆ ಪದವಿಯೂ ಭೂಮಿಯೂ ಬಂದವು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಹತ್ತಿ ಜನ ಹಸಿವಿನಿಂದ ಸಾಯುತ್ತಿದ್ದ 1847ರಲ್ಲಿ, ಆಕ್ಸ್‌ಫರ್ಡ್ ವಿದ್ಯಾರ್ಥಿಯಾಗಿದ್ದ ಈತ ಸ್ಕಿಬರೀನ್ ಎಂಬ ಊರಿಗೇ ಹೋಗಿ, ಕಂಡದ್ದನ್ನು ಬರೆದು ಪ್ರಕಟಿಸಿದ. ಮರುಕವೇನೋ ನಿಜವೇ. ಆದರೆ ಐರಿಷ್ ಒಕ್ಕಲುಗಳಿಗೆ ಭೂಮಿಯ ಮೇಲೆ ಹಕ್ಕು ಕೊಡಬೇಕೆಂಬ ಕೂಗೆದ್ದಾಗ ಧಣಿಗಳ ಪರವಾಗಿ ಲೇಖನಿ ಹಿಡಿದವನೂ ಇವನೇ.

ಈಗ ತಮಾಷೆ ನೋಡಿ. 1884ರ ಕೊನೆಗೆ ವೈಸರಾಯ್ ಆಗಿ ಬಂದವನ ಮುಂದೆ, ಹಿಂದಿನ ವೈಸರಾಯ್ ರಿಪ್ಪನ್ ಕಾಲದಲ್ಲಿ ಸಿದ್ಧವಾಗುತ್ತಿದ್ದ ಬಂಗಾಳದ ಗೇಣಿ ಮಸೂದೆ ಬಂತು. 1885ರಲ್ಲಿ ಅದು ಕಾನೂನಾಯಿತು. ಒಂದೇ ಗ್ರಾಮದಲ್ಲಿ ಹನ್ನೆರಡು ವರ್ಷ ಸಾಗುವಳಿ ಮಾಡಿದ ರೈತನನ್ನು ಜಮೀನುದಾರ ಮನಬಂದಂತೆ ಎಬ್ಬಿಸುವಂತಿಲ್ಲ! ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆ ಕಾನೂನು ಬರಲಿಲ್ಲ. ನಮ್ಮ ಚಾಲಗೇಣಿ ಒಕ್ಕಲುಗಳು 1974ರ ಭೂಸುಧಾರಣೆಯವರೆಗೂ ಕಾದು, ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದರು. ಆ ಕಥೆಯನ್ನು ಮಕ್ಕಳು ಮನೆಯ ಹಿರಿಯರಿಂದಲೇ ಕೇಳಬೇಕು.

ಕಾಂಗ್ರೆಸ್ಸಿನ ವಿಷಯದಲ್ಲೂ ಇದೇ ಎರಡು ನಾಲಿಗೆ. 1888ರ ನವೆಂಬರ್ 30ರಂದು ಕಲ್ಕತ್ತೆಯ ಔತಣಕೂಟದಲ್ಲಿ, ಹಕ್ಕು ಕೇಳುವ ವಿದ್ಯಾವಂತರು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದಷ್ಟು ಕೆಲವೇ ಮಂದಿ ಎಂದು ಹೀಯಾಳಿಸಿದ. ಅದೇ ತಿಂಗಳು ಲಂಡನ್ನಿಗೆ ಗುಟ್ಟಾಗಿ ಬರೆದದ್ದು ಮಾತ್ರ ಬೇರೆ: ಪ್ರಾಂತೀಯ ಶಾಸನ ಸಭೆಗಳನ್ನು ಹಿಗ್ಗಿಸಿ, ಕೆಲವು ಸದಸ್ಯರನ್ನು ಚುನಾಯಿಸಲು ಬಿಡಿ ಎಂದು. ಮುತ್ಸದ್ದಿತನವೆಂದು ಕೆಲವರು ಹೊಗಳುತ್ತಾರೆ. ನನಗೇನೋ ಇದು, ಹಕ್ಕನ್ನು ಕೇಳಿದವರಿಗೆ ಕೊಡಲೊಲ್ಲದೆ, ತಾನೇ ದಾನ ಮಾಡಿದಂತೆ ತೋರಿಸಿಕೊಳ್ಳುವ ಧಣಿಯ ಬುದ್ಧಿಯಾಗಿಯೇ ಕಾಣುತ್ತದೆ.

ಆ ಡಿಸೆಂಬರಿನಲ್ಲಿ ಈತ ಭಾರತ ಬಿಟ್ಟ. ಬರ್ಮಾದ ಹಳೆಯ ರಾಜಧಾನಿ ಆವಾದ ಹೆಸರನ್ನು ತನ್ನ ಬಿರುದಿಗೆ ಸೇರಿಸಿಕೊಂಡ. ಶಾಸನ ಸಭೆಗಳು ಹಿಗ್ಗಿದ್ದು 1892ರ ಕಾಯಿದೆಯಲ್ಲಿ. ಆದರೆ ಅದರಲ್ಲಿ 'ಚುನಾವಣೆ' ಎಂಬ ಪದವನ್ನೇ ಬಳಸಿರಲಿಲ್ಲ.