ಪಾರ್ಶ್ವವಾಯುವಿನ ನಂತರ ಮತ್ತೆ ಎದ್ದು ನಿಲ್ಲಲು ಯೋಗ

ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರನ್ನು ನಮ್ಮ ಮನೆಗಳಲ್ಲಿ ಅಕ್ಕರೆಯಿಂದಲೇ ನೋಡಿಕೊಳ್ಳುತ್ತೇವೆ. ಊಟ, ನೀರು ಎಲ್ಲವೂ ಹಾಸಿಗೆಯ ಬಳಿಗೇ ಬರುತ್ತವೆ. ‘ಏಳಬೇಡಿ, ಬಿದ್ದುಬಿಟ್ಟೀರಿ’ ಎಂಬುದು ನಿತ್ಯದ ಮಾತಾಗುತ್ತದೆ. ಈ ಅಕ್ಕರೆಯೇ ಅವರ ಕಾಲುಗಳಲ್ಲಿ ಉಳಿದ ಬಲವನ್ನೂ ಕುಗ್ಗಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಮೊದಲು ಒಂದು ಎಚ್ಚರಿಕೆ. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಯೋಗದ ಸಮಯವಲ್ಲ. ಎಣ್ಣೆ ನೀವುವ ಸಮಯವೂ ಅಲ್ಲ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಗಳೊಳಗೆ ಕೊಡಬೇಕು. ಅರಸೀಕೆರೆ, ಬೇಲೂರು, ಹಳೇಬೀಡಿನ ಹಳ್ಳಿಗಳಿಂದ ಹಾಸನ ಸೇರುವುದಕ್ಕೇ ಈ ಸಮಯದ ಒಂದು ಪಾಲು ಕಳೆಯುತ್ತದೆ. ಕೂಡಲೇ 108ಕ್ಕೆ ಕರೆ ಮಾಡುವುದೇ ಸರಿಯಾದ ದಾರಿ.

ಅಪಾಯ ಕಳೆದು ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಯೋಗದ ಕೆಲಸ ಆರಂಭವಾಗುತ್ತದೆ. ಮತ್ತೆ ಮತ್ತೆ ಮಾಡಿದ ಚಲನೆಯನ್ನು ಮೆದುಳು ಹೊಸದಾಗಿ ಕಲಿಯಬಲ್ಲದು. ನಿಧಾನಗತಿ, ಉಸಿರಿನ ಲಯ, ಅಂಗಾಲಿನ ಮೇಲಿನ ಗಮನ ಈ ಕಲಿಕೆಗೆ ನೆರವಾಗುತ್ತವೆ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 47 ಮಂದಿಯ ಒಂದು ಅಧ್ಯಯನದಲ್ಲಿ ವಾರಕ್ಕೆರಡು ಬಾರಿಯಂತೆ 8 ವಾರ ಯೋಗ ಮಾಡಿದವರ ಸಮತೋಲನ ಮೊದಲಿಗಿಂತ ಸುಧಾರಿಸಿತ್ತು. ಆದರೆ ಇಂತಹ ಅಧ್ಯಯನಗಳು ಇನ್ನೂ ಚಿಕ್ಕವು, ಕೆಲವೇ. ಆದ್ದರಿಂದ ಯೋಗವು ಫಿಸಿಯೋಥೆರಪಿಗೆ ಜೊತೆಯೇ ಹೊರತು ಬದಲಿಯಲ್ಲ. ರಕ್ತದೊತ್ತಡದ ಮಾತ್ರೆ ಬಿಡಲು ನೆಪವೂ ಅಲ್ಲ.

ಅಭ್ಯಾಸ ಸರಳವಾಗಿರಲಿ. ಅಲುಗಾಡದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿರಿಸಿ, ಎರಡೂ ಅಂಗಾಲುಗಳನ್ನು ನೆಲಕ್ಕೆ ಊರಿ, ಮೈಭಾರವನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸುವುದು ಮೊದಲ ಪಾಠ. ಬಳಿಕ ಕುರ್ಚಿಯಿಂದ ಏಳುವುದು, ಕೂರುವುದು. ಆಮೇಲೆ ಗೋಡೆಯ ಆಸರೆಯಲ್ಲಿ ತಾಡಾಸನ. ಸಹಾಯಕರು ಸೋತ ಪಾರ್ಶ್ವದಲ್ಲಿ ನಿಲ್ಲಬೇಕು. ಸೋತ ಕೈಯನ್ನು ಹಿಡಿದೆಳೆದರೆ ಹೆಗಲಿನ ಕೀಲಿಗೆ ಪೆಟ್ಟಾದೀತು. ಶೀರ್ಷಾಸನ, ಸರ್ವಾಂಗಾಸನ, ಉಸಿರು ಬಿಗಿಹಿಡಿಯುವ ಕುಂಭಕ, ರಭಸದ ಕಪಾಲಭಾತಿ ಇವರಿಗೆ ಸಲ್ಲವು.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ದೃಷ್ಟಿ ನಿಲ್ಲಿಸುವುದು ನಮ್ಮ ನಿತ್ಯಪೂಜೆ. ಎಡಭಾಗ ಸೋತ ಭಕ್ತರಿಗೆ ಈ ಪೂಜೆ ತಪ್ಪಿದಾಗ ಆಗುವ ನೋವು ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆದಿರುವುದಿಲ್ಲ. ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕುಳಿತು, ಬಲಗೈಯಿಂದ ಎಡಗೈಗೆ ಆಧಾರ ಕೊಟ್ಟು ಮತ್ತೆ ಪೂಜೆಗೆ ಅಣಿಯಾಗುವುದು ಅವರ ಮೊದಲ ಗುರಿಯಾಗಬಾರದೇಕೆ? ಬಚ್ಚಲಿನವರೆಗೆ ತಾವೇ ನಡೆಯುವುದು, ಹೊಸ್ತಿಲು ದಾಟಿ ಜಗುಲಿಗೆ ಬರುವುದು ಅದರ ಮುಂದಿನ ಗುರಿಗಳು.

ಒಂಟಿಯಾಗಿ ಅಭ್ಯಾಸ ಮಾಡುವವರು ಬೇಗ ಕೈಚೆಲ್ಲುತ್ತಾರೆ. ಆದಕಾರಣ ನಮ್ಮ ಭಾಗದ ಮಠಗಳ ಸಭಾಭವನಗಳು ವಾರಕ್ಕೆರಡು ಬೆಳಗು ಇಂತಹವರಿಗಾಗಿ ತೆರೆದಿರಲಿ, ಅಲ್ಲಿ ಒಬ್ಬ ಯೋಗಶಿಕ್ಷಕರೂ ಒಬ್ಬ ಫಿಸಿಯೋಥೆರಪಿಸ್ಟರೂ ಇರಲಿ ಎಂಬುದು ನಮ್ಮ ಅಭಿಪ್ರಾಯ. ಕುರ್ಚಿಗಳಿವೆ, ಗೋಡೆಗಳಿವೆ, ಕರೆತರುವ ಕೈಗಳು ಬೇಕಷ್ಟೆ. ಸೋತ ದೇಹಕ್ಕೂ ಅದರದೇ ಆದ ಕಾಯಕವಿದೆ. ಆ ಕಾಯಕವನ್ನು ಹಿರಿಯರಿಂದ ಕಸಿದುಕೊಳ್ಳದೆ, ಪಕ್ಕದಲ್ಲಿ ನಿಂತು ನೆರವಾಗುವುದೇ ನಮ್ಮ ಸೇವೆ.