ಒಂದು ಗಂಟೆ ಕಳೆದ ಮೇಲೆ ಯಾರಿಗೆ ಫೋನ್ ಮಾಡಬೇಕು?

ಬ್ರಿಟನ್ನಿನ ತಾಮ್ರದ ತಂತಿಯ ದೂರವಾಣಿ ಜಾಲಕ್ಕೆ ಬೀಗ ಹಾಕಲು ಗೊತ್ತುಮಾಡಿರುವ ದಿನ 2027ರ ಜನವರಿ 31. ಮೊದಲು 2025ರ ಡಿಸೆಂಬರ್ ಎಂದಿತ್ತು. 2024ರ ಮೇ ತಿಂಗಳಲ್ಲಿ ಬಿಟಿ ಕಂಪನಿ ಅದನ್ನು ಮುಂದಕ್ಕೆ ಹಾಕಿತು. ಅಂದಿನಿಂದ ವಾದವೆಲ್ಲ ಈ ದಿನಾಂಕದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಗಡುವು ತೀರ ಬೇಗವಾಯಿತು ಎನ್ನುವವರು ಒಂದು ಕಡೆ, ಇನ್ನೂ ಎಷ್ಟು ಕಾಯುವುದು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು ಅಂಕಿಯನ್ನು ಹಿಡಿದುಕೊಂಡು ಜಗಳವಾಡುತ್ತಿದ್ದಾರೆ.

ನೋಡಬೇಕಾದ ಅಂಕಿ 2027 ಅಲ್ಲ, 1. ಮನೆಯಲ್ಲಿ ಕರೆಂಟು ಹೋದಾಗ ತುರ್ತು ಸೇವೆಗೆ ಕರೆ ಮಾಡುವ ದಾರಿಯೊಂದು ಕನಿಷ್ಠ ಒಂದು ಗಂಟೆ ತೆರೆದಿರಬೇಕು ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2018ರ ಮಾರ್ಗಸೂಚಿಯಲ್ಲಿ ಬರೆಯಿತು. ಆ ಒಂದು ಗಂಟೆ ಸಾಲದು. ಅದನ್ನು ತಿದ್ದದೆ ಗಡುವನ್ನು ಹಿಂದೆ ಮುಂದೆ ಎಳೆದಾಡುವುದರಿಂದ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಒಂದೇ ಒಂದು ಕರೆಯೂ ಹೆಚ್ಚಾಗಿ ಹೋಗುವುದಿಲ್ಲ.

ತಾಮ್ರದ ತಂತಿ ಮಾತನ್ನಷ್ಟೇ ಹೊತ್ತು ತರುತ್ತಿರಲಿಲ್ಲ, ಫೋನಿಗೆ ಬೇಕಾದ ವಿದ್ಯುತ್ತನ್ನೂ ಅದೇ ತರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಗಳ ಸಾಲು, ಅದರ ಬೆನ್ನಿಗೆ ಜನರೇಟರು. ಊರೆಲ್ಲ ಕತ್ತಲಾದರೂ ಗೋಡೆಯ ಮೇಲಿನ ಫೋನೆತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಕಾರ್ಡ್‌ಲೆಸ್ ಫೋನ್ ಒಂದನ್ನೇ ಇಟ್ಟುಕೊಂಡವರಿಗೆ ಈ ಲಾಭ ಇರಲಿಲ್ಲ ಎಂಬುದೂ ನಿಜ. ಇಂಟರ್ನೆಟ್ ಫೋನಿನಲ್ಲಿ ಹಾಗಲ್ಲ. ರೂಟರ್‌ಗೆ ಮನೆಯ ಕರೆಂಟು ಬೇಕು. ಫೈಬರ್ ಬಂದಿದ್ದರೆ ಅದರ ಪೆಟ್ಟಿಗೆಗೂ ಬೇಕು. ಅಂದರೆ ಈ ಬದಲಾವಣೆಯಲ್ಲಿ ಬದಲಾದದ್ದು ತಂತ್ರಜ್ಞಾನ ಮಾತ್ರವಲ್ಲ. ಕಷ್ಟಕಾಲದಲ್ಲಿ ಫೋನನ್ನು ಜೀವಂತ ಇಡುವ ಹೊಣೆ ಕಂಪನಿಯ ಕಟ್ಟಡದಿಂದ ಗ್ರಾಹಕನ ನಡುಮನೆಗೆ ಬಂದು ಕೂತಿತು. ಕಂಪನಿ ಆ ಹೊಣೆಯಲ್ಲಿ ಎಷ್ಟನ್ನು ತನ್ನ ಬಳಿ ಉಳಿಸಿಕೊಳ್ಳಬೇಕು ಎಂಬುದರ ಅಳತೆಯೇ ಆ ಒಂದು ಗಂಟೆ. ಮೊಬೈಲ್ ಸಿಗ್ನಲ್ ಇಲ್ಲದ ಮನೆಯವರು, ಲ್ಯಾಂಡ್‌ಲೈನನ್ನೇ ನಂಬಿಕೊಂಡವರು, ಇವರಿಗೆ ಅದನ್ನು ಉಚಿತವಾಗಿ ಕೊಡಬೇಕು. ಅಷ್ಟು ಕೊಟ್ಟರೆ ಕಂಪನಿಯ ಕೈ ತೊಳೆದಂತೆ.

ಮಾರ್ಗಸೂಚಿ ಬಂದು ಮೂರು ವರ್ಷಕ್ಕೆ ಪರೀಕ್ಷೆಯೂ ಬಂತು. 2021ರ ನವೆಂಬರ್ 26ರ ರಾತ್ರಿ ಆರ್ವೆನ್ ಬಿರುಗಾಳಿ ಸ್ಕಾಟ್ಲೆಂಡಿನ ಪೂರ್ವ ಭಾಗವನ್ನೂ ಉತ್ತರ ಇಂಗ್ಲೆಂಡನ್ನೂ ಬಡಿಯಿತು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಯಿತು. ಅವರಲ್ಲಿ 40,000ಕ್ಕೂ ಹೆಚ್ಚು ಮಂದಿ ಮೂರು ದಿನಕ್ಕಿಂತ ಹೆಚ್ಚು ಕತ್ತಲಲ್ಲಿದ್ದರು. ಸುಮಾರು 4,000 ಮನೆಗಳಿಗೆ ಒಂದು ವಾರ ಕಳೆದರೂ ವಿದ್ಯುತ್ ಬರಲಿಲ್ಲ. ಒಂದು ವಾರಕ್ಕೆ 168 ಗಂಟೆ. ಅದರಲ್ಲಿ ಒಂದು ಗಂಟೆಗೆ ಕಂಪನಿ ಜವಾಬ್ದಾರಿ, ಉಳಿದ 167ಕ್ಕೆ ಯಾರೂ ಅಲ್ಲ.

ಬಿಟಿಗೆ ಇದು ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಯೂನಿಸ್ ಬಿರುಗಾಳಿಯೂ ಬಂದುಹೋದ ಮೇಲೆ, 2022ರ ಮಾರ್ಚ್‌ನಲ್ಲಿ ಕಂಪನಿ ಗ್ರಾಹಕರನ್ನು ಡಿಜಿಟಲ್ ಫೋನಿಗೆ ಕಡ್ಡಾಯವಾಗಿ ವರ್ಗಾಯಿಸುವ ಕೆಲಸವನ್ನೇ ನಿಲ್ಲಿಸಿತು. 2023ರಲ್ಲಿ ಒಂದೊಂದೇ ಪ್ರದೇಶ ಹಿಡಿದು ಮತ್ತೆ ಶುರು ಮಾಡಿತು. ನಡುವೆ ಸಿಕ್ಕ ಒಂದು ವರ್ಷಕ್ಕೂ ಹೆಚ್ಚಿನ ಸಮಯದಲ್ಲಿ ಜನರಿಗೆ ತಿಳಿಹೇಳುವ ಸಭೆಗಳು ನಡೆದವು. ಒಂದು ಗಂಟೆ ಒಂದೇ ಗಂಟೆಯಾಗಿ ಉಳಿಯಿತು.

ಇದನ್ನು ಸಮರ್ಥಿಸುವವರ ಬಳಿ ಎರಡು ವಾದಗಳಿವೆ. ಕರೆಂಟು ಕಡಿತಗಳಲ್ಲಿ ಹೆಚ್ಚಿನವು ಸ್ವಲ್ಪ ಹೊತ್ತಿನವು, ಅಪರೂಪದ ಬಿರುಗಾಳಿಗಾಗಿ ಎಲ್ಲ ಮನೆಗೂ ದೊಡ್ಡ ಬ್ಯಾಟರಿ ಕೊಡುವುದು ದುಂದು ಎಂಬುದು ಮೊದಲನೆಯದು. ಹೆಚ್ಚಿನವು ಸ್ವಲ್ಪ ಹೊತ್ತಿನವು ಎಂಬುದನ್ನು ಒಪ್ಪೋಣ. ಆದರೆ ಅಣೆಕಟ್ಟೆ ಕಟ್ಟುವವರು ಸರಾಸರಿ ಮಳೆಯ ಲೆಕ್ಕ ನೋಡಿ ಗೇಟು ಕೂರಿಸುವುದಿಲ್ಲ. ಮಾಮೂಲಿ ಮಧ್ಯಾಹ್ನ ಅರ್ಧ ಗಂಟೆ ಕರೆಂಟು ಹೋದಾಗ ಆಂಬುಲೆನ್ಸ್ ಬೇಕಾಗುವ ಸಂಭವ ಬೇರೆ ದಿನಗಳಷ್ಟೇ. ಮರಗಳು ಉರುಳಿ, ರಸ್ತೆ ಮುಚ್ಚಿ, ಹೀಟರ್ ಆರಿ, ಮನೆಯೊಳಗೆ ಮೇಣದಬತ್ತಿ ಹಚ್ಚಿ, ಕತ್ತಲಲ್ಲಿ ಮೆಟ್ಟಿಲಿಳಿಯುವ ಎಂಬತ್ತು ವರ್ಷದ ಅಜ್ಜಿ ಜಾರಿ ಬೀಳುವುದು ದೀರ್ಘ ಕಡಿತದಲ್ಲೇ. ತುರ್ತು ಕರೆಯ ಅಗತ್ಯವೂ ಕತ್ತಲೆಯ ಅವಧಿಯೂ ಒಟ್ಟಿಗೇ ಏರುತ್ತವೆ. ಎರಡನ್ನೂ ಬೇರೆ ಬೇರೆ ಸರಾಸರಿ ಮಾಡಿ ಗುಣಿಸಿದರೆ ಬರುವ ಉತ್ತರ ಕಾಗದದ ಮೇಲೆ ಸರಿ, ನೆಲದ ಮೇಲೆ ತಪ್ಪು.

ಎರಡನೆಯದು ಮೊಬೈಲ್ ಇದೆಯಲ್ಲ ಎಂಬ ವಾದ. ಮೊಬೈಲ್ ಟವರ್‌ಗೂ ಕರೆಂಟು ಬೇಕು ಎಂಬುದನ್ನು ಈ ವಾದ ಮರೆಯುತ್ತದೆ. ಇದಕ್ಕೆ ಆಸ್ಟ್ರೇಲಿಯಾದ ಒಂದು ಲೆಕ್ಕ ಸಾಕು. 2019-20ರ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಅಲ್ಲಿನ ದೂರಸಂಪರ್ಕ ಜಾಲ ಏಕೆ ಕುಸಿಯಿತು ಎಂದು ಆ ದೇಶದ ಸಂವಹನ ಪ್ರಾಧಿಕಾರ ತನಿಖೆ ಮಾಡಿತು. ಬೆಂಕಿ ನೇರವಾಗಿ ಸುಟ್ಟು ಹಾಳುಮಾಡಿದ ಪ್ರಕರಣಗಳು ಶೇ 1. ವಿದ್ಯುತ್ ಹೋದದ್ದರಿಂದ ನಿಂತವು ಶೇ 88. ಟಿವಿಯಲ್ಲಿ ಕಂಡದ್ದು ಜ್ವಾಲೆ. ಜನರ ಫೋನನ್ನು ಕೊಂದದ್ದು ಕರೆಂಟು. ಲ್ಯಾಂಡ್‌ಲೈನ್ ಸತ್ತಾಗ ಮೊಬೈಲ್ ಎನ್ನುವ ಯೋಜನೆ ಒಂದೇ ವಿದ್ಯುತ್ ಕಂಬಕ್ಕೆ ಎರಡು ಹಗ್ಗ ಕಟ್ಟಿ ಎರಡು ಆಸರೆ ಎಂದು ಬರೆದುಕೊಳ್ಳುತ್ತದೆ.

ತಾಮ್ರವನ್ನೇ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆ ಜಾಲಕ್ಕೆ ಬಿಡಿಭಾಗ ಸಿಗುವುದಿಲ್ಲ, ಅದನ್ನು ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದಾರೆ, ಕೆಡುವುದು ಹೆಚ್ಚುತ್ತಿದೆ. ಹೋಗಲೇಬೇಕು. ಅಷ್ಟಲ್ಲದೆ ಮನೆಯವರೆಗೂ ಬರುವ ಫೈಬರ್‌ಗೆ ದಾರಿಯುದ್ದಕ್ಕೂ ವಿದ್ಯುತ್ತೇ ಬೇಡ. ಎಕ್ಸ್‌ಚೇಂಜಿನ ತುದಿಯಲ್ಲಿ ಬ್ಯಾಟರಿ, ಜನರೇಟರು ಇದ್ದೇ ಇರುತ್ತವೆ. ಹಾಗಾಗಿ ಬಲಹೀನವಾದ ಜಾಗ ಉಳಿಯುವುದು ಒಂದೇ: ಮನೆಯೊಳಗಿನ ಪೆಟ್ಟಿಗೆ. ಅಲ್ಲೊಂದು ದೊಡ್ಡ ಬ್ಯಾಟರಿ ಇಟ್ಟರೆ ಹೊಸ ಜಾಲ ಹಳೆಯದಕ್ಕಿಂತ ಗಟ್ಟಿಯಾಗಬಲ್ಲದು. ಪರಿಹಾರ ಇಷ್ಟು ಹತ್ತಿರದಲ್ಲಿರುವಾಗ ಅದನ್ನು ಒಂದು ಗಂಟೆಗೆ ಮೊಟಕು ಮಾಡಿರುವುದೇ ಸಿಟ್ಟು ತರಿಸುವ ಸಂಗತಿ.

ಈ ಬದಲಾವಣೆಯ ಬಿಸಿ ಮೊದಲು ತಟ್ಟಿದ್ದು ಟೆಲಿಕೇರ್ ಬಳಸುವವರಿಗೆ. ಕೊರಳಿಗೆ ಹಾಕಿಕೊಂಡ ಗುಂಡಿ ಒತ್ತಿದರೆ ಲ್ಯಾಂಡ್‌ಲೈನ್ ಮೂಲಕ ಸಹಾಯ ಕೇಂದ್ರಕ್ಕೆ ಕರೆ ಹೋಗುವ ಈ ಸಾಧನವನ್ನು ನಂಬಿ ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಮಂದಿ ಬದುಕುತ್ತಿದ್ದಾರೆ. ಹೆಚ್ಚಿನವರು ಒಂಟಿ ವೃದ್ಧರು, ಅಂಗವಿಕಲರು. ಹಳೆಯ ಸಾಧನಗಳು ಸದ್ದಿನ ಸಂಕೇತಗಳಲ್ಲಿ ಮಾತಾಡುತ್ತವೆ. ಇಂಟರ್ನೆಟ್ ಜಾಲದಲ್ಲಿ ಆ ಸದ್ದು ಕೆಲವೊಮ್ಮೆ ಕಲಸಿಹೋಗುತ್ತದೆ, ಗುಂಡಿ ಒತ್ತಿದರೂ ಕರೆ ಕೂಡುವುದಿಲ್ಲ. 2023ರ ಕೊನೆಯಲ್ಲಿ, ವರ್ಗಾವಣೆಯ ನಂತರ ಇಂಥ ಸಾಧನಗಳು ಕೈಕೊಟ್ಟ ಗಂಭೀರ ಪ್ರಕರಣಗಳು ಹೊರಬಿದ್ದವು. ಸರ್ಕಾರ ಕಂಪನಿಗಳನ್ನು ಕರೆಸಿ ಡಿಸೆಂಬರಿನಲ್ಲಿ ಒಂದು ಒಪ್ಪಂದಪತ್ರಕ್ಕೆ ಸಹಿ ಹಾಕಿಸಿತು. ಹೊಸ ಜಾಲದಲ್ಲಿ ಟೆಲಿಕೇರ್ ಕೆಲಸ ಮಾಡುತ್ತದೆ ಎಂದು ಖಾತ್ರಿಯಾಗದೆ ಯಾರನ್ನೂ ವರ್ಗಾಯಿಸುವುದಿಲ್ಲ ಎಂಬ ಮಾತು ಅದರಲ್ಲಿದೆ. ಒಳ್ಳೆಯದೇ. ಕರೆಂಟಿನ ವಿಷಯಕ್ಕೆ ಬಂದರೆ, ಆಫ್‌ಕಾಮ್ ಹೇಳಿದ ಕನಿಷ್ಠವನ್ನು ಮೀರಿದ ಬ್ಯಾಕಪ್ ಕೊಡುವತ್ತ ಕೆಲಸ ಮಾಡುತ್ತೇವೆ ಎಂದಿದೆ. ಎಷ್ಟು ಮೀರಿ? ಅಂಕಿ ಇಲ್ಲ. ಕನಿಷ್ಠ ಸಾಲದು ಎಂದು ಎಲ್ಲರೂ ಸಹಿ ಹಾಕಿ ಒಪ್ಪಿಕೊಂಡ ಮೇಲೂ ಕನಿಷ್ಠವನ್ನು ತಿದ್ದದಿರುವುದಕ್ಕೆ ಏನೆನ್ನಬೇಕು?

ಈ ಉದಾಸೀನಕ್ಕೆ ಒಂದು ಕಾರಣವಿದೆ, ಅದು ಲೆಕ್ಕದ್ದು. 2023ರ ಜೂನ್ 25ರ ಭಾನುವಾರ ಬಿಟಿಯ 999 ವ್ಯವಸ್ಥೆ ಕೆಟ್ಟಿತು. ಸರ್ವರ್ ಒಂದರ ಕಡತದಲ್ಲಿ ತಪ್ಪು. ಬದಲಿ ವ್ಯವಸ್ಥೆಗೆ ಹೋಗಲು ನೋಡಿದರೆ ಅದರ ಸೂಚನೆಗಳೇ ಸರಿಯಾಗಿ ಬರೆದಿರಲಿಲ್ಲ, ಮೊದಲ ಯತ್ನ ಸೋತಿತು. ಹತ್ತೂವರೆ ಗಂಟೆಗಳ ಅವಧಿಯಲ್ಲಿ 12,392 ಮಂದಿ ಮಾಡಿದ ಸುಮಾರು 14,000 ಕರೆಗಳು ಸೇರಬೇಕಾದಲ್ಲಿಗೆ ಸೇರಲಿಲ್ಲ. ಆಫ್‌ಕಾಮ್ 2024ರಲ್ಲಿ 1.75 ಕೋಟಿ ಪೌಂಡ್ ದಂಡ ಹಾಕಿತು. ದಂಡ ಸರಿಯಾದದ್ದೇ. ಆದರೆ 12,392 ಎಂದು ಕೊನೆಯ ಅಂಕಿಯವರೆಗೆ ಹೇಳಲು ಆದದ್ದು ಹೇಗೆ? ಆ ಕರೆಗಳು ಮನೆಯಿಂದ ಹೊರಟು ಜಾಲವನ್ನು ಮುಟ್ಟಿದ್ದರಿಂದ. ಆರಿಹೋದ ರೂಟರಿನ ಮುಂದೆ ನಿಂತು ಫೋನೆತ್ತಿದವನ ಕರೆ ಎಲ್ಲಿಯೂ ದಾಖಲಾಗುವುದಿಲ್ಲ. ಅದು ವಿಫಲ ಕರೆಯೇ ಅಲ್ಲ; ಕರೆಯೇ ಆಗಿರಲಿಲ್ಲ. ಕೇಂದ್ರದಲ್ಲಿ ಕೆಟ್ಟರೆ ಸುದ್ದಿ, ವಿಚಾರಣೆ, ದಂಡ. ಹತ್ತು ಸಾವಿರ ನಡುಮನೆಗಳಲ್ಲಿ ಬಿಡಿಬಿಡಿಯಾಗಿ ಕೆಟ್ಟರೆ ಶೂನ್ಯ. ಹಾಗಾಗಿ ನಿಯಂತ್ರಕರ ಕಣ್ಣು ಸದಾ ಮೊದಲನೆಯದರ ಮೇಲೆ.

999 ಹುಟ್ಟಿದ್ದೇ ಕೂಡದ ಕರೆಯೊಂದು ಲೆಕ್ಕಕ್ಕೆ ಸಿಕ್ಕಿದ್ದರಿಂದ ಎಂಬುದನ್ನು ಲಂಡನ್ನಿನವರೇ ಮರೆತಂತಿದೆ. 1935ರ ನವೆಂಬರಿನಲ್ಲಿ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋಗಿ ಎಕ್ಸ್‌ಚೇಂಜಿನ ಸರದಿಯಲ್ಲಿ ಸಿಕ್ಕಿಕೊಂಡರು. ಅವರು ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದರು, ಸರ್ಕಾರ ಸಮಿತಿ ಮಾಡಿತು, 1937ರ ಜೂನ್ 30ರಂದು 999 ಶುರುವಾಯಿತು. ಒಂದು ಪತ್ರ ಆ ಕರೆಗೆ ಸಾಕ್ಷಿಯಾಯಿತು. ಇಂದಿನ ಯೋಜನೆಯಲ್ಲಿ ಅಂಥ ಸಾಕ್ಷಿಗೆ ಜಾಗವೇ ಇಲ್ಲ.

ಒಂದು ಗಂಟೆಗಿಂತ ಹೆಚ್ಚು ಅಸಾಧ್ಯ ಎನ್ನುವವರು ಅಮೆರಿಕದ ಕಡೆ ನೋಡಲಿ. ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2015ರಲ್ಲಿ ಮಾಡಿದ ನಿಯಮದಂತೆ, ಇಂಟರ್ನೆಟ್ ಆಧಾರಿತ ಮನೆಫೋನ್ ಕೊಡುವ ಕಂಪನಿಗಳು ಗ್ರಾಹಕರ ಮುಂದೆ ಮೊದಲು 8 ಗಂಟೆಯ, 2019ರಿಂದ 24 ಗಂಟೆಯ ಬ್ಯಾಕಪ್ ಆಯ್ಕೆಯನ್ನು ಇಡಲೇಬೇಕಾಯಿತು. 24 ಗಂಟೆ ಎಂಬುದು ಕನಸಲ್ಲ, ಒಂದು ದೊಡ್ಡ ದೇಶದ ಕಾನೂನಿನಲ್ಲಿದ್ದ ಅಂಕಿ. ಹಾಗೆಂದು ಅಮೆರಿಕವನ್ನು ಹೊಗಳುವಂತೆಯೂ ಇಲ್ಲ. ಬ್ಯಾಟರಿಯ ಖರ್ಚು ಗ್ರಾಹಕನದೇ ಆಗಿತ್ತು, ಬಡವನಿಗೆ ಆಯ್ಕೆ ಹೆಸರಿಗಷ್ಟೇ ಇತ್ತು. ಆ ನಿಯಮಕ್ಕೂ 2025ರ ಸೆಪ್ಟೆಂಬರ್ 1ಕ್ಕೆ ಮುಗಿಯುವಂತೆ ಮೊದಲೇ ಅವಧಿ ಬರೆದಿದ್ದರು. ಬ್ರಿಟನ್ನಿನಲ್ಲಿ ಉಚಿತ, ಆದರೆ ಒಂದೇ ಗಂಟೆ. ಅಮೆರಿಕದಲ್ಲಿ ಇಡೀ ದಿನ ಇತ್ತು, ಆದರೆ ದುಡ್ಡಿದ್ದವರಿಗೆ. ಬೇಕಾದವರಿಗೆ ಉಚಿತವಾಗಿ ಇಡೀ ದಿನ ಎಂದು ಎರಡನ್ನೂ ಜೋಡಿಸಲು ಹೊಸ ವಿಜ್ಞಾನವೇನೂ ಬೇಡ.

ಆಫ್‌ಕಾಮ್ ಮಾಡಬೇಕಾದದ್ದು ಇಷ್ಟು. ಲ್ಯಾಂಡ್‌ಲೈನನ್ನೇ ನಂಬಿದ ಮನೆಗಳಿಗೆ 24 ಗಂಟೆಯ ಕನಿಷ್ಠ ಬರೆಯಲಿ. ಬಿರುಗಾಳಿಯ ಹಾದಿಯಲ್ಲಿರುವ ಹಳ್ಳಿಗಳಿಗೆ ಅದಕ್ಕೂ ಹೆಚ್ಚು. ಪ್ರತಿ ದೊಡ್ಡ ಕಡಿತದ ನಂತರ, ವಿದ್ಯುತ್ ಇಲ್ಲದ ಮನೆಗಳಲ್ಲಿ ಎಷ್ಟಕ್ಕೆ ಎಷ್ಟು ಹೊತ್ತು ಕರೆ ಮಾಡುವ ದಾರಿ ಇರಲಿಲ್ಲ ಎಂಬ ಲೆಕ್ಕವನ್ನು ದೂರಸಂಪರ್ಕ, ವಿದ್ಯುತ್ ಕಂಪನಿಗಳು ಸೇರಿ ಪ್ರಕಟಿಸಲಿ. ರೂಟರ್ ಯಾವಾಗ ಆರಿತು ಎಂಬುದು ಕಂಪನಿಗೆ ಗೊತ್ತಿರುತ್ತದೆ, ಕೇಳುವವರಿಲ್ಲ ಅಷ್ಟೆ. ಒಂದು ಗಂಟೆ ಎಂದಿರುವುದು ಸಂಸತ್ತಿನ ಕಾಯ್ದೆಯಲ್ಲಿ ಅಲ್ಲ, ಆಫ್‌ಕಾಮ್ ತಾನೇ ಬರೆದ ಮಾರ್ಗಸೂಚಿಯಲ್ಲಿ. ಬರೆದವರೇ ತಿದ್ದಬಹುದು.

ನಮಗೆ ಇದು ದೂರದ ಊರಿನ ಸುದ್ದಿಯಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಮಲಗುವುದು ಮಲೆನಾಡು, ಕೊಡಗಿನವರಿಗೆ ವರ್ಷವರ್ಷದ ಅನುಭವ. ಅಲ್ಲಿ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಉಸಿರಾಡುತ್ತಿದ್ದ ಲ್ಯಾಂಡ್‌ಲೈನ್‌ಗಳ ಜಾಗಕ್ಕೂ ಈಗ ಫೈಬರ್ ಪೆಟ್ಟಿಗೆ ಬರುತ್ತಿದೆ. ತುರ್ತು ಸಂಖ್ಯೆ 112ರ ನಿಯಂತ್ರಣ ಕೊಠಡಿಯಲ್ಲಿ ಎಷ್ಟು ಪರದೆ, ಎಷ್ಟು ನಿಮಿಷಕ್ಕೆ ವಾಹನ ಬಂತು ಎಂದು ಅಂಕಿ ಕೊಡುವ ಸರ್ಕಾರ, ಕರೆ ಅಲ್ಲಿಯವರೆಗೆ ಬಂದರೆ ತಾನೇ ಎಂಬ ಮೊದಲ ಪ್ರಶ್ನೆಗೂ ಅಂಕಿ ಕೊಡಬೇಕು. ಘಟ್ಟದ ತಾಲ್ಲೂಕುಗಳ ಪ್ರತಿ ಟವರ್ ಕರೆಂಟಿಲ್ಲದೆ ಎಷ್ಟು ಗಂಟೆ ನಿಲ್ಲುತ್ತದೆ? ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಮುಂದಿನ ಮುಂಗಾರಿಗೆ ಮೊದಲು ಈ ಉತ್ತರ ಬರಲಿ, ಪಕ್ಕದಲ್ಲೇ ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆಯ ಹೆಸರೂ ಇರಲಿ. ಉತ್ತರ ಒಂದು ಗಂಟೆ ಎಂದು ಬಂದರೆ ಬ್ರಿಟನ್ನಿನವರೂ ಅಷ್ಟೇ ಇಟ್ಟಿದ್ದಾರೆ ಎಂಬ ಸಬೂಬನ್ನು ಯಾರೂ ಒಪ್ಪಬಾರದು.